ಮುಷ್ಟಿಯಲ್ಲಿದ್ದ ಭಂಡಾರ

ಬಾಯಿಬಿಟ್ಟು ಒಂದು ವೋಟನ್ನೂ ಕೇಳದೆ ಚುನಾವಣೆಗೆ ನಿಂತವರನ್ನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮ ವೈಶಾಲಿ ವಕೀಲರು. ಅದರ ಮುಂದಿನ ಸಲ ಎಲ್ಲರಂತೆ ಕೈಮುಗಿದು ಕೇಳಿಕೊಂಡು ಊರೂರು ತಿರುಗಿದರು, ಸೋತರು. ಸೋತ ಮರುದಿನ ನನ್ನ ಮೇಜಿನ ಎದುರಿಗೆ ಕೂತು ಚಹಾ ಕುಡಿಯುತ್ತ, "ಕೇಳಾಕ ಬರೂದಿಲ್ಲ ಮಾಲಾ ನನಗ. ವೋಟು ಕೇಳಾಕ ಹೋಗಿ ಅವರ ಮನಿ ಕೇಸ್ ಕೇಳಿಕೊಂಡು ಬರ್ತೇನಿ" ಎಂದು ನಕ್ಕರು. ಸೋಲಿನ ಕತೆ ಅಷ್ಟೇ. ನಾನು ಬರೆಯಲು ಕೂತಿರುವುದು ಅದಕ್ಕೂ ಮೊದಲಿನದು, ಕೇಳದೆ ನಿಂತ ಚುನಾವಣೆಯದು.

ನಾನು ಮಾಲಾ, ಬನಹಟ್ಟಿಯ ನೇಕಾರರ ಮನೆಯ ಮಗಳು. ಜಮಖಂಡಿ ಕೋರ್ಟಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಟೈಪಿಂಗ್ ಮೇಜು ಹಾಕಿಕೊಂಡು ಅರ್ಧ ಆಯುಷ್ಯ ಕಳೆದವಳು. ವಕೀಲರು ಬಾಯಿಗೆ ಬಂದದ್ದು ಹೇಳುತ್ತಾರೆ, ನಾವು ಟೈಪ್ ಮಾಡುತ್ತೇವೆ. ಗೆದ್ದರೆ ಅವರ ಜಾಣತನ, ಸೋತರೆ ಟೈಪಿಂಗ್ ತಪ್ಪು. ಹೀಗಾಗಿ ಕರಿ ಕೋಟು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಈ ಒಬ್ಬರ ವಿಷಯದಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡೆ, ಅದಕ್ಕೆ ಕಾರಣವಿದೆ.

ವಿಜಾಪುರದಿಂದ ಬಾಗಲಕೋಟೆ ಬೇರೆ ಜಿಲ್ಲೆಯಾದ ಮರುವರ್ಷ. ಯಾವ ಕಚೇರಿಗೆ ಹೋದರೂ "ಕಾಗದಾ ಇನ್ನೂ ವಿಜಾಪುರದಿಂದ ಬಂದಿಲ್ರಿ" ಎನ್ನುವ ಕಾಲ. ನನ್ನ ತಮ್ಮ ಶಶಿಕಾಂತ ಬನಹಟ್ಟಿಯಲ್ಲಿ ಪಾವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ. ನೂಲು ಕಳುವಾಯಿತೆಂದು ಅವನನ್ನು ಪೊಲೀಸರು ಎತ್ತಿಕೊಂಡು ಹೋದರು. ಯಾವ ಠಾಣೆ ಎಂದು ಹೇಳುವುದು ಬೇಡ, ಅಲ್ಲಿ ಈಗ ಇರುವವರು ಬೇರೆಯವರು. ಅವ್ವ ಹೋಗಿ ಕೇಳಿದರೆ "ಅಂಥಾವ ಇಲ್ಲಿ ಯಾರೂ ಇಲ್ಲ, ನಡಿ" ಎಂದರು. ನಾನು ಯಾರ ಯಾರ ಕಾಗದ ಟೈಪ್ ಮಾಡಿ ಕೊಡುತ್ತಿದ್ದೆನೋ ಆ ವಕೀಲರ ಬಳಿಯೆಲ್ಲ ಹೋಗಿ ಅತ್ತೆ. ಪೊಲೀಸರನ್ನು ಎದುರು ಹಾಕಿಕೊಳ್ಳುವುದು ಬೇಡ ತಂಗಿ, ನಾಲ್ಕು ದಿನ ತಡಿ, ತಾವೇ ಬಿಡುತ್ತಾರೆ ಎಂದರು. ಆ ನಾಲ್ಕು ದಿನದಲ್ಲಿ ಅವನ ಕೈಕಾಲು ಏನಾಗುತ್ತವೆಂದು ಯಾರೂ ಹೇಳಲಿಲ್ಲ.

ಆಗ ವೈಶಾಲಿ ವಕೀಲರು ಕೋರ್ಟಿಗೆ ಹೊಸಬರು. ರಬಕವಿಯ ಸೀರೆ ವ್ಯಾಪಾರಿ ಅಣ್ಣಾಸಾಹೇಬರ ಮಗಳು. ಮನೆಯಲ್ಲಿ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು ಬಿಟ್ಟು ಬೆಳಗಾವಿಗೆ ಹೋಗಿ ಕಾನೂನು ಓದಿ ಬಂದವರು. ಕೋಟು ಯಾರದೋ ಹಳೆಯದು, ತೋಳು ಉದ್ದ, ಬೆರಳು ಕಾಣುತ್ತಿರಲಿಲ್ಲ. ನಾನು ಮಿಷಿನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಾಗ ಎದುರಿಗೆ ಬಂದು ನಿಂತರು. "ಅಳೂದು ಆಮ್ಯಾಲ. ಮೊದಲ ಕಾಗದಾ ಹಾಕ್ರಿ, ನಾ ಹೇಳ್ತೇನಿ, ಹೊಡೀರಿ" ಎಂದರು. ನನ್ನ ತಮ್ಮನ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಸಂಜೆಯೊಳಗೆ ಮ್ಯಾಜಿಸ್ಟ್ರೇಟರಿಂದ ಠಾಣೆ ಶೋಧಿಸುವ ವಾರಂಟು ತಗೊಂಡು, ಕೋರ್ಟಿನವರನ್ನು ಕರೆದುಕೊಂಡು ಹೋದರು. "ಇಲ್ಲೇ ಇಲ್ಲ" ಎಂದಿದ್ದವನು ಹಿಂದಿನ ಕೋಣೆಯಲ್ಲಿ ಸಿಕ್ಕ. ಪಾದ ಬಾತು ಚಪ್ಪಲಿ ಹೋಗುತ್ತಿರಲಿಲ್ಲ, ಆದರೆ ಜೀವ ಇತ್ತು.

ಇವತ್ತು ಶಶಿಕಾಂತನಿಗೆ ಹೆಂಡತಿ ಇದ್ದಾಳೆ, ಸ್ವಂತದ ಮೂರು ಗಾಲಿಯ ಟಂಟಂ ಗಾಡಿ ಇದೆ. ಊಟಕ್ಕೆ ಕೂತಾಗ ರೊಟ್ಟಿ ದಪ್ಪಾಯಿತೆಂದು ಜಗಳ ತೆಗೆಯುತ್ತಾನೆ. ಅವನು ಹಾಗೆ ಜಗಳ ತೆಗೆದಾಗಲೆಲ್ಲ ನಾನು ಮನಸ್ಸಿನಲ್ಲಿ ವೈಶಾಲಿ ವಕೀಲರಿಗೆ ಕೈಮುಗಿಯುತ್ತೇನೆ. ಇದನ್ನು ಅವರಿಗೆ ಹೇಳಿದರೆ "ಏ ಹುಚ್ಚಿ, ಟೈಪ್ ಮಾಡಿದಾಕಿ ನೀ ಅಲ್ಲೇನು?" ಎಂದು ಗದರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಆ ಕೇಸಿನಿಂದ ಅವರ ಹೆಸರು ಹಬ್ಬಿತು. ಮುಧೋಳ ಕಡೆಯಿಂದ ಜೀತಕ್ಕಿದ್ದವರು ಬಂದರು, ಸಮೀರವಾಡಿ ಬಸ್ಸಿನಿಂದ ಕಬ್ಬು ಕಡಿಯುವ ಹೆಂಗಸರು ಕುಡುಗೋಲು ಸಮೇತ ಇಳಿದು ಬಂದರು. ಫೀ ಎಂದು ಒಬ್ಬರು ಬದನೆಕಾಯಿ ತರುತ್ತಿದ್ದರು, ಇನ್ನೊಬ್ಬರು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಪೇಪರಿನವರು 'ಮಾನವ ಹಕ್ಕುಗಳ ವಕೀಲೆ' ಎಂದು ಬರೆದ ದಿನ ಅಣ್ಣಾಸಾಹೇಬರು ರಬಕವಿಯಿಂದ ಪೇಪರು ಹಿಡಿದುಕೊಂಡು ಬಂದರು. "ಏನವಾ, ಮಾನವರು ಎಲ್ಲಾರೂ ನಿನ್ನ ಕಡೀನ ಬಂದ್ರ ಫೀ ಕೊಡಾವ್ರು ಯಾರು?" ಎಂದು ಕೇಳಿ, ಮಗಳಿಗೆಂದು ತಂದಿದ್ದ ಸಣ್ಣ ಅಂಚಿನ ಬಿಳಿ ಕೈಮಗ್ಗದ ಸೀರೆ ಮೇಜಿನ ಮೇಲಿಟ್ಟು ಹೋದರು. ವರ್ಷವರ್ಷವೂ ಅಂಥದೊಂದು ಸೀರೆ ಬರುತ್ತಿತ್ತು. ಬೈಗುಳವೂ ಅದರ ಜೊತೆಗೇ ಬರುತ್ತಿತ್ತು.

ಇನ್ನು ಬೀರನಹಟ್ಟಿಯ ಮಾತು. ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಊರು ಅದು. ಕುರಿ ಸಾಕುವವರು, ಒಂದಿಷ್ಟು ಒಕ್ಕಲುತನದವರು, ಎಲ್ಲರೂ ಬೀರೇಶ್ವರನ ಒಕ್ಕಲು. ಕೆಳಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ನೀರು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಊರು ಬಿಡಬೇಕೆಂದು ನೋಟಿಸು ಬಂತು. ಸುತ್ತಲಿನ ದಂಡೆಯ ಊರುಗಳವರೆಲ್ಲ ಬೀರೇಶ್ವರ ಗುಡಿಯ ಮುಂದೆ ಸಭೆ ಸೇರಿ ವೈಶಾಲಿ ವಕೀಲರನ್ನು ಕರೆಸಿದರು. ಶಶಿಕಾಂತ ಗಾಡಿ ಹೊಡೆದ, ಅರ್ಜಿ ಬರೆದುಕೊಳ್ಳಲು ನಾನೂ ಹೋದೆ.

ಗುಡಿಯ ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿದ್ದರು. ವಕೀಲರು ಅದರ ಮೇಲೆ ನಿಂತ ಕೂಡಲೇ ಒಬ್ಬ ಹೆಂಗಸು ಮುಂದೆ ಬಂದು ಅವರ ಬಲಗೈ ಹಿಡಿದು ಅಂಗೈಯಲ್ಲಿ ಒಂದು ಚಿಟಿಕೆ ಭಂಡಾರ ಇಟ್ಟಳು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಇಟ್ಟವಳು ಬೋರವ್ವ. ಕಡ್ಡಿಯಂಥ ಮೈ, ಕಣ್ಣು ಮಾತ್ರ ಸಿಡಿಮದ್ದು. ಅವಳ ಗಂಡ ರೇವಪ್ಪ ಹಿಂದೆ ಕುರಿಗಳ ನಡುವೆ ಸುಮ್ಮನೆ ನಿಂತಿದ್ದ, ಮಾತೆಲ್ಲ ಹೆಂಡತಿಯದೇ.

ಅಲ್ಲಿಯ ಪದ್ಧತಿ ಗೊತ್ತಿದ್ದವರು ಆ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಗುಡಿಯ ಕಡೆ ತೂರಿ, ಕೈ ಖಾಲಿ ಮಾಡಿಕೊಂಡು ಮಾತಾಡುತ್ತಾರೆ. ಭಂಡಾರ ಕೈಯಲ್ಲಿ ಹಿಡಿದುಕೊಂಡೇ ಕಂಬಳಿಯ ಮೇಲೆ ನಿಂತು ಮಾತಾಡಿದರೆ ಅದು ಆಣೆ. ವೈಶಾಲಿ ವಕೀಲರು ಅಂಗಡಿಯವರ ಮನೆ ಮಗಳು, ಅವರಿಗೇನು ಗೊತ್ತು? ಕೆಳಗೆ ಚೆಲ್ಲಬಾರದು, ಬಿಳಿ ಸೀರೆಗೆ ಹತ್ತಬಾರದು ಎಂದು ಮುಷ್ಟಿ ಬಿಗಿ ಹಿಡಿದುಕೊಂಡರು. ಭಾಷಣ ಮುಗಿಯುವವರೆಗೂ ಬಿಚ್ಚಲಿಲ್ಲ.

ಭಾಷಣವೋ, ಬಿಸಿ ಏರಿತ್ತು. "ಹುಟ್ಟಿದ ಮಕ್ಕಳಿಗಿ ಸಾಲಿ, ಸತ್ತವರಿಗಿ ಮಣ್ಣು. ಇವೆರಡೂ ಹೊಸಾ ಊರಾಗ ಸಿಗೂತನಕ ನಿಮ್ಮ ಕೈ ನಾ ಬಿಡೂದಿಲ್ಲ!" ಎಂದು ಮುಷ್ಟಿ ಎತ್ತಿದರು. ಜನ ಚಪ್ಪಾಳೆ ತಟ್ಟಿದರು. ಗುಂಪಿನಲ್ಲಿ ಯಾರೋ ಒಬ್ಬ, "ಎಲ್ಲಾರೂ ಹಿಂಗ ಅಂತಾರ್ರಿ, ನಾಳಿ ಎಲೆಕ್ಷನ್ನಿಗಿ ನಿಂತು ವೋಟು ಕೇಳ್ತಾರ" ಎಂದ. ವಕೀಲರ ಮುಖ ಕೆಂಪಾಯಿತು. "ಇಲ್ಲಿ ಕುಂತ ಯಾರನ್ನೂ ನಾ ಒಂದು ವೋಟು ಕೇಳೂದಿಲ್ಲ, ಎಂದೂ ಕೇಳೂದಿಲ್ಲ!" ಎಂದು ಇನ್ನೂ ಮೇಲೆ ಎತ್ತಿದರು ಮುಷ್ಟಿ. ಈ ಸಲ ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಆ ಮುಷ್ಟಿಯನ್ನೇ ನೋಡುತ್ತಿದ್ದರು.

ಕೆಳಗಿಳಿದ ಮೇಲೆ ಗುಡಿಯ ಪೂಜಾರಿ ಹಾಲಸಿದ್ದಪ್ಪ ಬಂದು ಮೆಲ್ಲಗೆ ಹೇಳಿದ, "ವಕೀಲ್ರ, ಭಂಡಾರ ಹಿಡಕೊಂಡ ಮಾತಾಡಿದ್ರಲ್ರಿ."

"ಹೌದು, ಚೆಲ್ಲಬಾರದಲ್ಲ?"

"ಆಣಿ ಆತ್ರಿ ಅದು."

ವಕೀಲರು ಮುಷ್ಟಿ ಬಿಚ್ಚಿ ನೋಡಿದರು. ಬೆವರಿಗೆ ಭಂಡಾರ ಕರಗಿ ಅಂಗೈಯೆಲ್ಲ ಹಳದಿ. ಬೋರವ್ವ ಪಕ್ಕದಲ್ಲೇ ನಿಂತು, "ಎರಡೂ ಮಾತು ಕೇಳೇನಿ ನಾ, ಮರಿಯಂಗಿಲ್ಲ" ಎಂದಳು. ದಾರಿಯಲ್ಲಿ ಶಶಿಕಾಂತ ನಕ್ಕು ನಕ್ಕು ಗಾಡಿ ಗುಂಡಿಗೆ ಇಳಿಸಿದ. ವಕೀಲರೂ ನಕ್ಕರು. ಕೋರ್ಟು ಬಿಟ್ಟು ಚುನಾವಣೆ ಕಡೆ ಹೋಗುವ ವಿಚಾರ ಅವರ ಕನಸಿನಲ್ಲೂ ಇರಲಿಲ್ಲ, ನಗದೆ ಏನು ಮಾಡಬೇಕು?

ಊರು ಎದ್ದು ಹೋಯಿತು. ಎತ್ತರದ ಬಯಲಲ್ಲಿ ಪುನರ್ವಸತಿ ಕೇಂದ್ರವೆಂದು ಗೆರೆ ಹೊಡೆದು ನಿವೇಶನ ಹಂಚಿದರು. ವಕೀಲರು ಬೆನ್ನು ಬಿದ್ದು ಶಾಲೆ ಮಾಡಿಸಿದರು, ನಳ ತರಿಸಿದರು. ಮಣ್ಣು ಮಾತ್ರ ಸಿಗಲಿಲ್ಲ. ನಕಾಶೆ ಬರೆದ ಪುಣ್ಯಾತ್ಮರು ರಸ್ತೆ, ಗಟಾರ, ಅಂಗಡಿ ಎಲ್ಲ ಬರೆದು ಹೂಳುವ ಜಾಗ ಬರೆಯುವುದನ್ನೇ ಮರೆತಿದ್ದರು. ಊರು ಎಬ್ಬಿಸಿದವರಿಗೆ ಜನ ಸಾಯುತ್ತಾರೆಂಬ ನೆನಪಾದರೂ ಬೇಡವೇ!

ಹೊಸ ಊರಿನಲ್ಲಿ ಮೊದಲು ಸತ್ತವನು ರೇವಪ್ಪ. ಪಕ್ಕದ ಊರಿನವರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಹೆಣ ಹೊತ್ತುಕೊಂಡು ನಿಂತೇ ಇದ್ದರು. ಕೊನೆಗೆ ಬಿಟ್ಟು ಬಂದ ಊರಿಗೇ ಹೋಗಿ, ಇನ್ನೂ ನೀರು ಮುಟ್ಟದಿದ್ದ ಅವನ ಹೊಲದ ಬದುವಿನಲ್ಲಿ ಹೂಳಿದರು. ಮುಂದಿನ ಮಳೆಗಾಲಕ್ಕೆ ಹಿನ್ನೀರು ಅಲ್ಲಿಗೂ ಬಂತು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ನೀರು ಹಿಂದೆ ಸರಿದಾಗ ಬೋರವ್ವ ಕಾಯಿ, ಭಂಡಾರ ತಗೊಂಡು ಹೋಗಿ ಕೆಸರಿನಲ್ಲಿ ಗಂಡನನ್ನು ಹುಡುಕುತ್ತಿದ್ದಳು. ಬದು ಹೋಗಿತ್ತು, ಒಂದು ಬನ್ನಿ ಮರದ ಬೊಡ್ಡೆ ಉಳಿದಿತ್ತು. ಅದರ ಹತ್ತಿರ ಎಲ್ಲೋ ಒಂದು ಕಡೆ ಕಾಯಿ ಒಡೆದು ಬರುತ್ತಿದ್ದಳು.

ಒಂದು ಸಲ ಕೋರ್ಟಿಗೇ ಬಂದಳು, ನನ್ನ ಮೇಜಿನ ಹತ್ತಿರ ಕೂತಳು. "ನನಗೂ ಆಗಾಕತೈತಿ ವಯಸ್ಸು. ನಾ ಸತ್ರ ಎಲ್ಲಿಡತಿ ಬೇ ತಂಗಿ?" ಎಂದು ವಕೀಲರನ್ನು ಕೇಳಿದಳು. ವಕೀಲರು ಅಂದು ಊಟ ಮಾಡಲಿಲ್ಲ. ಆ ಕೇಸು ನಡೆದ ಪರಿ ಹೇಳಿದರೆ ನಿಮಗೂ ಸಾಕಾಗುತ್ತದೆ. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆದ ಮೇಲೆ ಅಲ್ಲಿಗೆ ಹೋಗಿ ವಾದಿಸಿ ಆದೇಶ ತಂದರು. ಊರ ಹಿಂದಿನ ಸರಕಾರಿ ಗುಡ್ಡದ ಮಗ್ಗುಲಲ್ಲಿ ಬೀರನಹಟ್ಟಿಗೆ ಸ್ಮಶಾನ ಕೊಡಬೇಕು ಎಂದು. ನಾವು ಪೇಢೆ ಹಂಚಿದೆವು.

ಅವಸರ ಮಾಡಿ ಹಂಚಿದ್ದೆವು. ಆದೇಶ ಹಿಡಿದುಕೊಂಡು ಕಚೇರಿಗೆ ಹೋದರೆ ಅಲ್ಲಿಯ ಸಾಹೇಬ, "ಆದೇಶ ಖರೆ ಐತ್ರಿ ಮೇಡಂ, ನಾವೇನ ಇಲ್ಲ ಅನ್ನಂಗಿಲ್ಲ. ಆದ್ರ ಬೇಲಿಗೆ, ದಾರಿಗೆ ಜಿಲ್ಲಾ ಪಂಚಾಯಿತಿ ಸಭಾದಾಗ ಠರಾವು ಆಗಬೇಕಲ್ರಿ. ಆ ಭಾಗದ ಸದಸ್ಯರಿಗೆ ಹೇಳ್ರಿ" ಎಂದ. ಬೀರನಹಟ್ಟಿ ಭಾಗದ ಸದಸ್ಯ ಗುತ್ತಿಗೆದಾರ ಶಿದ್ರಾಮಪ್ಪ. ಆ ಗುಡ್ಡದ ಮಗ್ಗುಲಲ್ಲಿ ರಸ್ತೆಗೆ ಹಾಕುವ ಗರಸು ಮಣ್ಣು ತೋಡಿ ಮಾರುತ್ತಿದ್ದವನೂ ಅದೇ ಶಿದ್ರಾಮಪ್ಪ. ಇವನಿಗೆ ಹೇಳಿ ಕೆಲಸವಾದ ಹಾಗೇ! ಸಭೆ ಸಭೆಗೂ ವಿಷಯ ಮುಂದಕ್ಕೆ ಹೋಯಿತು, ಅವನ ಟ್ರ್ಯಾಕ್ಟರುಗಳು ಗುಡ್ಡ ಕಡಿಯುತ್ತಲೇ ಇದ್ದವು.

ಅಷ್ಟರಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆ ಬಂತು. ಆ ಕ್ಷೇತ್ರ ಮಹಿಳೆಯರಿಗೆ ಮೀಸಲಾಯಿತು. ಹಾಲಸಿದ್ದಪ್ಪ ದಂಡೆಯ ಊರುಗಳ ಹಿರಿಯರನ್ನು ಕಟ್ಟಿಕೊಂಡು ಬೇವಿನ ಮರದ ಕೆಳಗೆ ಬಂದ. "ವಕೀಲ್ರ, ಕೋರ್ಟಿನಾಗಿನ ಕೆಲಸಾ ಕೋರ್ಟಿನಾಗ ಆತು. ಇನ್ನ ಉಳದದ್ದು ಆ ಸಭಾದಾಗ ಐತಿ. ನೀವ ನಿಲ್ರಿ" ಎಂದ.

ವಕೀಲರು ತಮ್ಮ ಬಲಗೈ ಬಿಚ್ಚಿ ನೋಡಿಕೊಂಡರು. ಆಮೇಲೆ, "ಪೂಜಾರ್ರ, ನನ್ನ ಕೈ ನೋಡಿ ಆಣಿ ಆತು ಅಂದವರು ನೀವ" ಎಂದರು.

ಎಲ್ಲರೂ ತಲೆ ತಗ್ಗಿಸಿದರು. ಹಾಲಸಿದ್ದಪ್ಪನೇ ದಾರಿ ಹೇಳಿದ. ಭಂಡಾರ ಇಟ್ಟವರೇ ಆ ಮಾತು ಬಿಡಿಸಬಹುದು. ಬೋರವ್ವ ಬಿಡಿಸಿದರೆ ಮುಗಿಯಿತು.

ನಾವು ಅಂದೇ ಬೀರನಹಟ್ಟಿಗೆ ಹೋದೆವು. ಬೋರವ್ವ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ವಕೀಲರು ಅವಳ ಎದುರಿಗೆ ನೆಲದ ಮೇಲೇ ಕೂತು, "ಆಯಿ, ಮಣ್ಣು ಕೊಡಸಬೇಕಂದ್ರ ನಾ ಎಲೆಕ್ಷನ್ನಿಗಿ ನಿಲ್ಲಬೇಕಾಗೈತಿ. ವೋಟು ಕೇಳೂದಿಲ್ಲ ಅಂದದ್ದು ಒಂದ್ ಮಾತು ಬಿಡಸ್ರಿ" ಎಂದರು.

ಬೋರವ್ವ ನೂಲುವುದನ್ನು ನಿಲ್ಲಿಸಲಿಲ್ಲ. "ಬಿಡಸಂಗಿಲ್ಲ."

"ಯಾಕ ಆಯಿ?"

"ಭಂಡಾರ ಒಂದ, ಮುಷ್ಟಿ ಒಂದ, ಮಾತು ಎರಡು. ಒಂದು ಬಿಡಸಾಕ ಮುಷ್ಟಿ ಬಿಚ್ಚಿದ್ರ ಇನ್ನೊಂದೂ ಬೀಳತೈತಿ. ಮಣ್ಣು ಕೊಡಸ್ತೇನಿ ಅಂದದ್ದೂ ಅದ ಮುಷ್ಟ್ಯಾಗ ಐತಿ ಬೇ ತಂಗಿ. ಅದು ಬಿದ್ರ ನಾ ಎಲ್ಲಿಗಿ ಹೋಗ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ಏನಾಯಿ ನೀ! ನಿನ್ನ ಸಲುವಾಗೇ ಅಲ್ಲ ಇಷ್ಟೆಲ್ಲಾ? ವೋಟು ಕೇಳಲಾರದ ಯಾರರೆ ಗೆದ್ದಾರೇನು?" ಎಂದು ಜೋರು ಮಾಡಿದೆ. ವಕೀಲರು ನನ್ನ ಕೈ ಹಿಡಿದು ಕೂಡಿಸಿದರು. ಎದ್ದು ಬರುವಾಗ ಮುದುಕಿಯ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಗಾಡಿಯಲ್ಲಿ ನಾನು ಗೊಣಗುತ್ತಲೇ ಇದ್ದೆ. ಅವರು, "ಸುಮ್ಮನಿರು ಮಾಲಾ. ದಿನಾ ಕೋರ್ಟಿನಾಗ ಪ್ರಮಾಣ ಮಾಡಾವರನ್ನ ನೋಡ್ತೇವಿ, ಕಟಕಟಿ ಇಳಿಯೂದರಾಗ ಮರತಿರತಾರ. ನನ್ನ ಪ್ರಮಾಣಾ ಇಷ್ಟು ವರ್ಷ ಜೋಪಾನ ಮಾಡಿಟ್ಟಾಕಿ ಈಕಿ ಒಬ್ಬಾಕಿ. ಉಪಕಾರ ಅದು" ಎಂದರು. ನನಗೆ ಆಗ ಅದು ಉಪಕಾರವೆಂದು ಅನಿಸಲಿಲ್ಲ, ಹಟವೆಂದೇ ಅನಿಸಿತು.

ಮರುದಿನ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಚಿಹ್ನೆಗಳಲ್ಲಿ ಟೈಪ್‌ರೈಟರ್ ಇತ್ತು, ನನ್ನ ಮುಖ ನೋಡಿ ಅದನ್ನೇ ಆರಿಸಿದರು. ಹಳ್ಳಿಯಲ್ಲಿ ಅದೇನೆಂದು ಗೊತ್ತಾಗಬೇಕಲ್ಲ? ನನ್ನ ಮಿಷಿನ್ನನ್ನೇ ಟಂಟಂ ಗಾಡಿಯ ಮುಂದೆ ಕಟ್ಟಿ ಹೊರಟೆವು. ಮಕ್ಕಳು ಓಡಿಬಂದು ಕೀಲಿ ಒತ್ತಿ ಒತ್ತಿ ಅದರ ಕತೆ ಮುಗಿಸಿದರು. ಆ ಮಿಷಿನ್ನಿನ 'ಕ' ಅಕ್ಷರ ಇವತ್ತಿಗೂ ಸೊಟ್ಟ.

ಪ್ರಚಾರ ಎಂದರೆ ಏನು ಹೇಳಲಿ! ಊರ ಕಟ್ಟೆಯ ಮೇಲೆ ನಿಂತು, "ನಾ ವೈಶಾಲಿ, ಜಮಖಂಡಿ ಕೋರ್ಟಿನ ವಕೀಲಿ. ಜಿಲ್ಲಾ ಪಂಚಾಯಿತಿಗೆ ನಿಂತೇನಿ. ಬೀರನಹಟ್ಟಿಯ ಸ್ಮಶಾನದ ಠರಾವು, ನಿಮ್ಮೂರ ಸಾಲಿ ಛಾವಣಿ, ಹಿನ್ನೀರಿನ ದಾರಿ, ಇವು ಮೂರು ಮೊದಲ ಮಾಡ್ತೇನಿ. ಶರಣ್ರಿ" ಎಂದು ಇಳಿದುಬಿಡುತ್ತಿದ್ದರು. ಜನ ಇನ್ನೂ ಏನೋ ಬರುತ್ತದೆಂದು ಕಾಯುತ್ತ ನಿಂತಿರುತ್ತಿದ್ದರು. "ಮತ್ತ ವೋಟು ಯಾರಿಗಿ ಹಾಕಬೇಕ್ರಿ?" ಎಂದು ಒಬ್ಬ ಕೇಳಿಯೇ ಬಿಟ್ಟ. "ಅದು ನಿಮಗ ಬಿಟ್ಟದ್ದು" ಎಂದರು ವಕೀಲರು. ಶಶಿಕಾಂತ ಹಣೆ ಹಣೆ ಬಡಿದುಕೊಂಡ.

"ಅಕ್ಕಾರ, ನೀವು ಕೇಳಬ್ಯಾಡ್ರಿ. ನಾ ಮೈಕಿನಾಗ ಕೇಳ್ತೇನಿ" ಎಂದ ಅವನು.

"ವಕಾಲತ್ತು ಹಾಕಿದ ಮ್ಯಾಲ ವಕೀಲ ಆಡಿದ್ದು ಕಕ್ಷಿದಾರ ಆಡಿದಂಗ. ನನ್ನ ಪರವಾಗಿ ನೀ ಕೇಳಿದ್ರೂ ನಾ ಕೇಳಿದಂಗ. ಬ್ಯಾಡ" ಎಂದರು. ಇಂಥ ಕಾಯಿದೆ ಪಂಡಿತರ ಜೊತೆ ಚುನಾವಣೆ ಮಾಡುವ ಕಷ್ಟ ನಿಮಗೆ ಬೇಡ.

ಎದುರಿಗೆ ನಿಂತವಳು ಶಿದ್ರಾಮಪ್ಪನ ಸೊಸೆ. ಪಾಪ, ಆ ಹುಡುಗಿ ಜೀಪಿನಿಂದ ಕೆಳಗಿಳಿದದ್ದನ್ನು ನಾನು ನೋಡಲಿಲ್ಲ, ಮಾವನೇ ಎಲ್ಲ ಕಡೆ ಮಾತಾಡುತ್ತಿದ್ದ. ಅವನಿಗೆ ಹಳೆಯ ಭಂಡಾರದ ಸುದ್ದಿ ಸಿಕ್ಕಿತು. "ಬೀರಪ್ಪನ ಭಂಡಾರ ಹಿಡದು ಆಣಿ ಮಾಡಿದಾಕಿ ಈಕಿ. ಇವತ್ತ ಆಣಿ ಮುರದು ಎಲೆಕ್ಷನ್ನಿಗಿ ನಿಂತಾಳ. ದೇವರಿಗೇ ಸುಳ್ಳು ಹೇಳಿದಾಕಿ ನಿಮಗ ಖರೆ ಹೇಳ್ತಾಳೇನು?" ಎಂದು ಊರೂರು ಸಾರಿಸಿದ. ಕುರಿಗಾರರ ಹಟ್ಟಿಗಳಲ್ಲಿ ಅದು ನಾಟಿತು. ನಿನ್ನೆ ಮಜ್ಜಿಗೆ ಕೊಟ್ಟವರು ಇಂದು ಬಾಗಿಲು ಮುಂದೆ ಮಾಡಿಕೊಂಡರು. ಒಂದು ಹಟ್ಟಿಯಲ್ಲಿ ಮುದುಕನೊಬ್ಬ, "ನಮ್ಮ ಕಂಬಳಿ ಮ್ಯಾಲ ಕಾಲಿಡಬ್ಯಾಡ್ರಿ" ಎಂದ. ವಕೀಲರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಸೋಲಿನ ಹೆದರಿಕೆಯಲ್ಲ ಅದು. ಸೋತರೆ ಗುಡ್ಡದ ಮಗ್ಗುಲು ಇರುವುದಿಲ್ಲ, ಗರಸಿನ ಗುಂಡಿಯಷ್ಟೇ ಇರುತ್ತದೆ, ಆಮೇಲೆ ಬೋರವ್ವನನ್ನು ಎಲ್ಲಿಡುವುದು?

ಮರುದಿನ ಬೆಳಿಗ್ಗೆ ಬೀರನಹಟ್ಟಿ ಕ್ರಾಸಿನಲ್ಲಿ ಬೋರವ್ವ ನಡುರಸ್ತೆಯಲ್ಲಿ ನಿಂತಿದ್ದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ ಚೀಲ. ಶಶಿಕಾಂತ ಬ್ರೇಕು ಹಾಕಿದ.

"ಹತ್ತಿಸಿಕೊ" ಎಂದಳು.

"ಈಗ ಯಾಕ ಬಂದಿ ಆಯಿ? ಎಲ್ಲಾ ಹಾಳಾದ ಮ್ಯಾಲ?" ಎಂದೆ ನಾನು.

"ನಿನ್ನ ಬಾಯಿ ಭಾಳ ಐತಿ. ಸರಿ ಅತ್ತಾಗ" ಎಂದು ನನ್ನನ್ನು ನೂಕಿ ಕೂತಳು.

ನೇರವಾಗಿ ಆ ಮುದುಕನ ಹಟ್ಟಿಗೆ ಹೋಗಲು ಹೇಳಿದಳು. ಇಳಿದು, ನಡುವೆ ತನ್ನ ಕಂಬಳಿ ಹಾಸಿ, ಅದರ ಮೇಲೆ ನಿಂತು, ಎಲ್ಲರೂ ನೋಡುವಂತೆ ಭಂಡಾರ ತೆಗೆದು ಮುಷ್ಟಿ ಹಿಡಿದಳು. ಮುಚ್ಚಿದ್ದ ಬಾಗಿಲುಗಳು ತೆರೆದವು. ಹೆಂಗಸರು ಹೊರಗೆ ಬಂದರು.

"ನಾ ಬೀರನಹಟ್ಟಿ ಬೋರವ್ವ. ಈಕಿ ಕೈಯಾಗ ಭಂಡಾರ ಇಟ್ಟಾಕಿ ನಾನು. ಆಣಿ ಮುರದಾಳ ಅಂತ ಯಾರ ಅಂದವರು, ಮುಂದ ಬರ್ರಿ. ನಿಮ್ಮ ಪೈಕಿ ಯಾರನ್ನರೆ ವೋಟು ಕೇಳ್ಯಾಳೇನು ಈಕಿ? ಹೇಳ್ರಿ!"

ಆ ಮುದುಕ ಯೋಚಿಸಿ, "ಕೇಳಿಲ್ಲ ಖರೆ" ಎಂದ.

"ಬಿಡಸ ಅಂತ ನನ್ನ ಕಡೆ ಬಂದಿದ್ಲು. ನಾ ಬಿಡಸಲಿಲ್ಲ. ಕಾಲು ಮುಟ್ಟಿ ಹ್ವಾದ್ಲು. ಆಕಿ ಕೇಳಂಗಿಲ್ಲ, ಕೇಳಾಕ ನಾ ಬಿಡಂಗಿಲ್ಲ. ಅದಕ್ಕ ನಾ ಬಂದೇನಿ ಕೇಳಾಕ. ಈ ಮಿಷಿನ್ನಿನ ಚಿತ್ರಕ್ಕ ಹಾಕ್ರಿ ವೋಟು."

ವಕೀಲರು ಗಾಬರಿಯಾಗಿ ಮುಂದೆ ಬಂದರು. "ಆಯಿ, ಬ್ಯಾಡ. ನನ್ನ ಪರವಾಗಿ ಕೇಳಿದ್ರ..."

"ನಿನ್ನ ಪರವಾಗಿ ಯಾರ ಕೇಳಾಕತ್ತಾರ ಇಲ್ಲಿ?" ಬೋರವ್ವ ಗದರಿದಳು. "ನಾ ನನ್ನ ಪರವಾಗಿ ಕೇಳಾಕತ್ತೇನಿ. ನನ್ನ ಗಂಡ ನೀರಾಗ ಅದಾನ. ನನಗ ಮಣ್ಣು ಬೇಕು. ಸುಮ್ಮ ಕುಂದ್ರ ನೀ!"

ಅಷ್ಟು ದೊಡ್ಡ ಜಡ್ಜುಗಳ ಮುಂದೆ ಬಾಯಿ ಮುಚ್ಚದವರು ಸುಮ್ಮನೆ ಕೂತರು. ನಾನು ಮುದುಕಿಯ ಮೇಲಿನ ಸಿಟ್ಟೆಲ್ಲ ಅಲ್ಲೇ ಬಿಟ್ಟೆ. ಅವಳು ಮಾತು ಬಿಡಿಸಿದ್ದರೆ ಆ ಹಟ್ಟಿಯಲ್ಲಿ ನಮ್ಮನ್ನು ಯಾರು ನಂಬುತ್ತಿದ್ದರು? ಅಂದಿನಿಂದ ಪ್ರಚಾರ ಮುಗಿಯುವವರೆಗೆ ಅವಳು ಗಾಡಿ ಬಿಟ್ಟು ಇಳಿಯಲಿಲ್ಲ. ಕಂಬಳಿ ಹಾಸಿದ ಕಡೆಯೆಲ್ಲ ಅದೇ ಮಾತು. ಕುರಿಗಾರರ ಮನೆಗಳಷ್ಟೇ ಅಲ್ಲ, ಒಕ್ಕಲಿಗರ ಓಣಿಯಲ್ಲೂ, ಅಂಗಡಿ ಸಾಲಿನಲ್ಲೂ ಜನ ಎದ್ದು ನಿಂತು ಕೇಳಿದರು. ನೀರಿಗೆ ಹೋದ ಗೋರಿಗಳು ಎಲ್ಲರ ಮನೆಯಲ್ಲೂ ಇದ್ದವು.

ಗೆದ್ದದ್ದು ಸ್ವಲ್ಪದರಲ್ಲಿ. ಗುಲಾಲು ಹಾರಿತು, ಅಣ್ಣಾಸಾಹೇಬರು ರಬಕವಿಯಿಂದ ಈ ಸಲ ಬೈಯದೆ ಸೀರೆ ತಂದರು. ವಕೀಲರು ಹಾರ ಹಾಕಿಕೊಂಡೇ ಬೋರವ್ವನ ಮನೆಗೆ ಹೋಗಿ, "ಆಯಿ, ನಿಮ್ಮಿಂದ ಗೆದ್ದೆ" ಎಂದರು. "ಇನ್ನೂ ಎಲ್ಲಿ ಗೆದ್ದಿ? ಮಣ್ಣು ಎಲ್ಲೈತಿ?" ಎಂದಳು ಮುದುಕಿ, ಆದರೂ ಬೆಲ್ಲ ಕೊಟ್ಟಳು.

ಮಣ್ಣಿಗೆ ಮತ್ತೂ ಒಂದು ವರ್ಷ ಹಿಡಿಯಿತು. ಬಾಗಲಕೋಟೆಯ ಸಭೆಯಲ್ಲಿ ವಕೀಲರು ಅದೆಷ್ಟು ಸಲ ಎದ್ದು ನಿಂತರೋ, ಅಧ್ಯಕ್ಷರು ಅವರನ್ನು ಕಂಡರೇ "ಕುಂದರ್ರಿ ಮೇಡಂ, ಸ್ಮಶಾನ ತಾನ?" ಎನ್ನುವಂತಾಯಿತು. ಒಂದು ದಿನ ಠರಾವು ಆಯಿತು. ಶಿದ್ರಾಮಪ್ಪನ ಟ್ರ್ಯಾಕ್ಟರುಗಳು ಗುಡ್ಡದಿಂದ ಇಳಿದವು. ಗುಂಡಿ ಮುಚ್ಚಿ, ಬೇಲಿ ಹಾಕಿ, ಜಾಗ ಊರಿನ ಕೈಗೆ ಬಂತು.

ಅದು ಬೇಸಿಗೆ. ಹಿನ್ನೀರು ಸರಿದಿತ್ತು. ಬೋರವ್ವ ನಮ್ಮನ್ನೆಲ್ಲ ಕರೆದುಕೊಂಡು ಹಳೆಯ ಬೀರನಹಟ್ಟಿಗೆ ಹೋದಳು. ಒಡೆದ ಕೆಸರಿನ ಮೇಲೆ ನಡೆದು ಬನ್ನಿ ಮರದ ಬೊಡ್ಡೆಯ ಹತ್ತಿರ ಕೂತಳು, ಕಾಯಿ ಒಡೆದಳು. ಕೈಯಿಂದ ಮೇಲಿನ ಪದರ ಸರಿಸಿ ಅಡಿಯ ಹಸಿ ಮಣ್ಣು ತೆಗೆದಳು. "ಇಲ್ಲೇ ಎಲ್ಲೋ ಅದಾನ. ಬರ್ತಾನ ನನ್ನ ಜೋಡಿ" ಎಂದಳು. ವಕೀಲರ ಬಲಗೈ ಹಿಡಿದು, ಅಂಗೈಯಲ್ಲಿ ಆ ಮಣ್ಣು ಇಟ್ಟು, ಅದರ ಮೇಲೆ ಒಂದು ಚಿಟಿಕೆ ಭಂಡಾರ ಹಾಕಿ, ಬೆರಳುಗಳನ್ನು ತಾನೇ ಮುಚ್ಚಿದಳು. "ಹಿಡಿ. ಬಿಡಬ್ಯಾಡ."

ವಕೀಲರು ಬಿಡಲಿಲ್ಲ. ಟಂಟಂ ಗಾಡಿಯಲ್ಲಿ ಧೂಳು ಕುಡಿಯುತ್ತ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಬಂದರು. ಹೊಸ ಸ್ಮಶಾನದಲ್ಲಿ ಹಾಲಸಿದ್ದಪ್ಪ ಚಿಕ್ಕ ಗುಂಡಿ ತೋಡಿಸಿದ್ದ. ಬದಿಯಲ್ಲಿ ಕರಿ ಕಂಬಳಿ ಹಾಸಿದ್ದ. ಊರೆಲ್ಲ ನಿಂತಿತ್ತು. ವಕೀಲರು ಕಂಬಳಿಯ ಮೇಲೆ ನಿಂತರು. ಬೋರವ್ವ ಅವರ ಎದುರಿಗೆ ಬಂದಳು.

"ಬಿಚ್ಚು ಬೇ ತಂಗಿ ಇನ್ನ" ಎಂದಳು. "ಎರಡೂ ಮಾತು ಮುಗದುವು."

ವಕೀಲರಿಗೆ ಬಿಚ್ಚಲು ಬರಲಿಲ್ಲ. ಕೆಸರು ಒಣಗಿ ಬೆರಳು ಹಿಡಿದುಕೊಂಡಿತ್ತೋ, ಅಳು ತಡೆಯಲು ಅವರೇ ಬಿಗಿ ಹಿಡಿದಿದ್ದರೋ ನನಗೆ ಗೊತ್ತಿಲ್ಲ. ನಾನಂತೂ ಅಲ್ಲೇ ಗಳಗಳ ಅತ್ತೆ. ಬೋರವ್ವ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ತಗೊಂಡು, ಒಂದೊಂದೇ ಬೆರಳು ಬಿಡಿಸಿ, ಅಂಗೈಗೆ ಅಂಟಿದ್ದ ಹಳದಿ ಮಣ್ಣನ್ನು ಉಗುರಿನಿಂದ ಕೆರೆದು ಕೆರೆದು ಗುಂಡಿಗೆ ಹಾಕಿದಳು, ಗಂಡನನ್ನು ಒಂದಿಷ್ಟೂ ಉಳಿಸಲಿಲ್ಲ.